ಕೊಯ್ಲು ಯಂತ್ರದ ಅಲಗು: ಬದಲಿಸುವ ಕ್ರಮ, ಬಿಗಿಯುವ ಕ್ರಮ



ಈಚಿನ ಕೆಲವು ತಿಂಗಳಿಂದ ಸಂಘದ ಕಚೇರಿಗೆ ಬಂದ ಸದಸ್ಯರಲ್ಲಿ ಅನೇಕರು ನಮ್ಮನ್ನು ಕೇಳಿರುವ ಪ್ರಶ್ನೆ ಒಂದೇ. ಕೊಯ್ಲು ಯಂತ್ರದ ಅಲಗು ಮುರಿದರೆ ಹೊಸದನ್ನು ರಿವೆಟ್ ಹೊಡೆದೇ ಕೂರಿಸಬೇಕೆ, ಬೋಲ್ಟ್ ಹಾಕಿ ಬಿಗಿದರೆ ಸಾಲದೆ? ಒಬ್ಬೊಬ್ಬರಿಗೂ ನಿಂತಲ್ಲೇ ಒಂದೊಂದು ಉತ್ತರ ಕೊಟ್ಟಿದ್ದೇವೆ. ಆ ಉತ್ತರಗಳೆಲ್ಲ ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ಎಂಬ ಅನುಮಾನ ನಮಗೇ ಬಂದುದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಅಡಿಕೆ, ಕಾಫಿ ಬೆಳೆಗಾರರಿಗೆ ಕೊಯ್ಲು ಯಂತ್ರದ ಮಾತೇಕೆ ಎಂದು ಕೆಲವರು ಕೇಳಬಹುದು. ಮಂಚೇನಹಳ್ಳಿ ಭಾಗದ ನಮ್ಮ ಸದಸ್ಯರಲ್ಲಿ ಬರಿಯ ಅಡಿಕೆಯನ್ನೇ ನಂಬಿ ಕುಳಿತವರು ವಿರಳ. ತೋಟದ ಪಕ್ಕದಲ್ಲಿ ನಾಲ್ಕು ಗುಂಟೆ ಸೀಮೆಹುಲ್ಲು, ಕೊಟ್ಟಿಗೆಯಲ್ಲಿ ಎರಡು ಮೂರು ಹಸು, ಮೇಲಿನ ಹೊಲದಲ್ಲಿ ರಾಗಿ ಅಥವಾ ಜೋಳ. ತಿಂಗಳ ಖರ್ಚು ನಡೆಯುವುದು ಡೇರಿಯ ಹಾಲಿನ ಹಣದಿಂದ. ಅಡಿಕೆಯ ಹಣ ಬರುವುದು ಮದುವೆಗೆ, ಕೊಳವೆ ಬಾವಿಗೆ. ಮಲೆನಾಡಿನ ಕಾಫಿ ಸದಸ್ಯರಿಗೂ ತೋಟದ ಕೆಳಗೆ ಗದ್ದೆ ಉಂಟು. ಆಳು ಸಿಗದ ಈ ಕಾಲದಲ್ಲಿ ಬತ್ತ ಕೊಯ್ಯುವ ರೀಪರ್, ರಾಗಿ ಕೊಯ್ಯುವ ರೀಪರ್, ಹುಲ್ಲು ಕೊಯ್ಯುವ ಕತ್ತರಿ ಯಂತ್ರ ಎಂದು ಹೆಸರು ಬೇರೆ ಬೇರೆಯಾದರೂ ಕೊಯ್ಯುವ ಭಾಗ ಎಲ್ಲಕ್ಕೂ ಒಂದೇ ಬಗೆಯದು. ಆದುದರಿಂದ ಮುಂದೆ ಹೇಳುವುದು ಇಬ್ಬರಿಗೂ ಸಲ್ಲುತ್ತದೆ.

ಆ ಭಾಗ ಹೀಗಿರುತ್ತದೆ. ಉದ್ದನೆಯ ಉಕ್ಕಿನ ಪಟ್ಟಿ, ಅದರ ಮೇಲೆ ಸಾಲಾಗಿ ಕೂರಿಸಿದ ತ್ರಿಕೋನಾಕಾರದ ಅಲಗುಗಳು. ಒಂದೊಂದು ಅಲಗಿಗೆ ಸಾಮಾನ್ಯವಾಗಿ ಎರಡು ರಿವೆಟ್ ಇಲ್ಲವೇ ಎರಡು ಬೋಲ್ಟ್. ಈ ಪಟ್ಟಿ ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಅದರ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಮೊನೆಗಳಿಗೆ ಬೆರಳು ಎಂದೇ ಹೆಸರು; ಅವು ಅಲುಗಾಡುವುದಿಲ್ಲ. ಬೆರಳುಗಳ ಸಂದಿಗೆ ಬಂದ ಕಡ್ಡಿಯನ್ನು ಅಲಗು ಒತ್ತಿ, ಬೆರಳಿನೊಳಗಿನ ಅಡಿತಟ್ಟೆಯ ಅಂಚಿಗೆ ಸಿಕ್ಕಿಸಿ ಕತ್ತರಿಸುತ್ತದೆ. ಅಂದರೆ ಇದು ಕುಡುಗೋಲಲ್ಲ, ಕತ್ತರಿ. ಕುಡುಗೋಲು ಯಂತ್ರವೆಂಬ ಹೆಸರು ರೂಢಿಯಲ್ಲಿ ನಿಂತುಬಿಟ್ಟಿದೆ. ಅಮೆರಿಕದ ಓಬೆಡ್ ಹಸಿ ಎಂಬಾತ 1833ರಲ್ಲಿ ಪೇಟೆಂಟ್ ಪಡೆದ ಕೊಯ್ಲು ಯಂತ್ರದಲ್ಲಿಯೇ ತ್ರಿಕೋನದ ಅಲಗು, ಸೀಳಿದ ಬೆರಳು ಎರಡೂ ಇದ್ದವು. ಅದರ ಮರು ವರ್ಷ ಪೇಟೆಂಟ್ ಪಡೆದ ಮೆಕಾರ್ಮಿಕ್‌ನ ಹೆಸರೇ ಲೋಕದಲ್ಲಿ ಮೆರೆಯಿತು, ಆ ಮಾತು ಬೇರೆ. ನಮ್ಮ ಕಡೆ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ, ಕೇರಳದ ಕ್ಯಾಮ್ಕೋ 1973ರಲ್ಲಿ ಆರಂಭವಾದವು. ಅವುಗಳ ಪವರ್ ಟಿಲ್ಲರ್ ಮೊದಲು ಬಂತು, ರೀಪರ್ ಅದರ ಹಿಂದೆ ಬಂತು. ಎರಡು ಶತಮಾನ ಸಮೀಪಿಸಿದರೂ ಅಲಗಿನ ಆಕಾರ ಮಾತ್ರ ಬದಲಾಗಿಲ್ಲ.

ಈಗ ರಿವೆಟ್ ಮತ್ತು ಬೋಲ್ಟಿನ ವಿಚಾರ.

ಪಟ್ಟಿ ನಿಮಿಷಕ್ಕೆ ನೂರಾರು ಸಲ ಹೋಗಿ ಬರುತ್ತದೆ. ಹೋಗುವಾಗ ಅಲಗಿನ ಮೇಲೆ ಒಂದು ಕಡೆಯಿಂದ ಒತ್ತಡ, ಬರುವಾಗ ಇನ್ನೊಂದು ಕಡೆಯಿಂದ. ಅಲಗಿನ ರಂಧ್ರಕ್ಕೂ ಅದರಲ್ಲಿರುವ ಮೊಳೆಗೂ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಪ್ರತಿ ಸಲವೂ ಅಲಗು ಮೊಳೆಗೆ ಸಣ್ಣದೊಂದು ಪೆಟ್ಟು ಕೊಡುತ್ತದೆ. ಮಂಚದ ಕಾಲಿನ ಬೆಣೆ ಒಮ್ಮೆ ಸಡಿಲವಾದರೆ ದಿನದಿಂದ ದಿನಕ್ಕೆ ಹೆಚ್ಚು ಅಲುಗುತ್ತದಲ್ಲವೆ, ಇಲ್ಲಿ ಅದು ಗಂಟೆಯಿಂದ ಗಂಟೆಗೆ ಹೆಚ್ಚುತ್ತದೆ. ರಂಧ್ರ ಉದ್ದವಾಗುತ್ತದೆ, ಮೊಳೆ ಸವೆಯುತ್ತದೆ, ಕೊನೆಗೊಮ್ಮೆ ಅಲಗು ಓರೆಯಾಗಿ ಬೆರಳಿಗೆ ಸಿಕ್ಕಿಕೊಳ್ಳುತ್ತದೆ.

ರಿವೆಟ್ ಈ ಸಂದಿಯನ್ನು ತುಂಬಿ ಮುಚ್ಚುತ್ತದೆ. ಅದು ಮೆದು ಉಕ್ಕು. ಸುತ್ತಿಗೆಯ ಪೆಟ್ಟಿಗೆ ತಲೆ ಹರಡುವುದರ ಜೊತೆಗೆ ಒಡಲೂ ಉಬ್ಬಿ ರಂಧ್ರದ ಗೋಡೆಗೆ ಅಂಟುತ್ತದೆ. ಬೋಲ್ಟ್ ಹಾಗೆ ಉಬ್ಬುವುದಿಲ್ಲ. ಅದು ಪಟ್ಟಿಯನ್ನೂ ಅಲಗನ್ನೂ ಒಂದಕ್ಕೊಂದು ಅಮುಕಿ ಹಿಡಿದು, ಆ ಹಿಡಿತದಿಂದಲೇ ಅಲಗು ಜರುಗದಂತೆ ಮಾಡುತ್ತದೆ. ಒಂದು ತುಂಬುತ್ತದೆ, ಇನ್ನೊಂದು ಹಿಡಿಯುತ್ತದೆ. ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಲು ಬಿಟ್ಟರೆ ಎರಡೂ ಒಳ್ಳೆಯವೇ. ಸರಿಯಾಗಿ ತುಂಬದ ರಿವೆಟ್, ಸರಿಯಾಗಿ ಹಿಡಿಯದ ಬೋಲ್ಟ್, ಇವೆರಡೇ ಕೆಟ್ಟವು. ಸಂತೆಯಲ್ಲಿ ಸಿಗುವ ತೆಳು ಬೋಲ್ಟ್ ರಂಧ್ರವನ್ನು ತುಂಬುವುದೂ ಇಲ್ಲ, ಮೆದುವಾದುದರಿಂದ ಎಳೆದು ಬಿಗಿದಾಗ ಹಿಡಿತ ತಡೆಯುವುದೂ ಇಲ್ಲ.

ಇದನ್ನು ನಾವು ಪುಸ್ತಕ ಓದಿ ಕಲಿತವರಲ್ಲ. 2017ರ ಡಿಸೆಂಬರಿನಲ್ಲಿ ನಮ್ಮ ಮೇಲಿನ ಹೊಲದ ರಾಗಿ ಕೊಯ್ಯುವಾಗ ಬೆಣಚುಕಲ್ಲು ಸಿಕ್ಕಿ ಒಂದು ಅಲಗು ಮುರಿಯಿತು. ಮೋಡ ಕಟ್ಟಿತ್ತು. ಶೆಡ್ಡಿಗೆ ಹೋಗಿ ರಿವೆಟ್ ಹೊಡೆಯುವ ತಾಳ್ಮೆ ನಮಗಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಯಾವುದೋ ಎರಡು ಬೋಲ್ಟುಗಳಿಗೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿದೆವು. ಅರ್ಧ ಎಕರೆಯವರೆಗೆ ಏನೂ ಆಗಲಿಲ್ಲ, ನಮ್ಮ ಬುದ್ಧಿವಂತಿಕೆಗೆ ನಾವೇ ಮೆಚ್ಚಿಕೊಂಡೆವು. ಆಮೇಲೆ ಒಂದು ಬೋಲ್ಟ್ ತುಂಡಾಯಿತು. ಅಲಗು ಇನ್ನೊಂದರ ಮೇಲೆ ತಿರುಗಿ ಬೆರಳಿಗೆ ಅಡ್ಡ ಸಿಕ್ಕಿತು. ಬೆರಳು ಮುರಿಯಿತು, ಪಟ್ಟಿ ಬಾಗಿತು. ಇಷ್ಟೇ ಆಗಿದ್ದರೆ ಹಣದ ಮಾತು.

ಎಂಜಿನ್ ನಿಲ್ಲಿಸಿದೆವು. ಜೊತೆಗಿದ್ದ ಹುಡುಗ ಸಿಕ್ಕಿಕೊಂಡ ಅಲಗನ್ನು ಬಿಡಿಸಲು ಕೈ ಹಾಕಿದ. ಅದು ಸಲೀಸಾಗಿ ಬರಲೆಂದು ನಾವು ಹಿಂದಿನಿಂದ ಪುಲ್ಲಿಯನ್ನು ಕೈಯಿಂದ ತಿರುಗಿಸಿದೆವು. ಸಿಕ್ಕಿದ್ದು ಬಿಟ್ಟಿತು, ಬೆಲ್ಟಿನಲ್ಲಿ ಬಿಗಿದು ನಿಂತಿದ್ದ ಎಳೆತವೂ ಅದರೊಡನೆ ಬಿಟ್ಟಿತು, ಪಟ್ಟಿ ಒಂದು ಅಂಗುಲ ನೆಗೆಯಿತು. ಅವನ ಎಡಗೈಯ ಉಂಗುರ ಬೆರಳಿನ ತುದಿ ಹೋಯಿತು. ಗೌರಿಬಿದನೂರಿಗೆ ಕರೆದೊಯ್ದು ಹೊಲಿಗೆ ಹಾಕಿಸಿದೆವು, ಖರ್ಚು ಕೊಟ್ಟೆವು. ತಪ್ಪು ನಮ್ಮದೇ. ಅವನು ಈಗಲೂ ನಮ್ಮಲ್ಲೇ ಇದ್ದಾನೆ. ಯಂತ್ರದ ಅಲಗು ಬದಲಿಸುವವನೂ ಅವನೇ. ಪಟ್ಟಿಗೆ ಕೈ ಹಾಕುವ ಮುಂಚೆ ನಮ್ಮನ್ನು ಯಂತ್ರದಿಂದ ನಾಲ್ಕು ಮಾರು ದೂರ ನಿಲ್ಲಿಸುತ್ತಾನೆ.

ಆದುದರಿಂದ ಕೆಲಸದ ಕ್ರಮ ಹೇಳುವಾಗ ಮೊದಲು ಬರುವುದು ಇದು. ಎಂಜಿನ್ ನಿಲ್ಲಿಸಿದ್ದೇವೆ ಎಂದ ಮಾತ್ರಕ್ಕೆ ಕತ್ತರಿ ನಿಂತಿತೆಂದು ತಿಳಿಯಬಾರದು. ಪೆಟ್ರೋಲ್ ಎಂಜಿನ್ ಆದರೆ ಪ್ಲಗ್ಗಿನ ತಂತಿಯನ್ನು ಕಿತ್ತು ದೂರ ಇಡಬೇಕು. ಡೀಸೆಲ್ ಆದರೆ ಎಂಜಿನ್ ನಿಲ್ಲಿಸಿ, ಕ್ಲಚ್ ಬಿಡಿಸಿ, ಕೊಯ್ಯುವ ಭಾಗಕ್ಕೆ ಹೋಗುವ ಬೆಲ್ಟನ್ನು ಸಡಿಲಿಸಬೇಕು. ಸಿಕ್ಕಿಕೊಂಡಿರುವ ಕಡ್ಡಿಯನ್ನಾಗಲಿ ಅಲಗನ್ನಾಗಲಿ ಮರದ ಕೋಲಿನಿಂದ ಬಿಡಿಸಬೇಕೇ ಹೊರತು ಕೈಯಿಂದಲ್ಲ. ಪುಲ್ಲಿ ತಿರುಗಿಸುವವನೂ ಅಲಗು ಮುಟ್ಟುವವನೂ ಒಬ್ಬನೇ ಆಗಿರಬೇಕು. ಇಬ್ಬರಿದ್ದಲ್ಲಿ ಒಬ್ಬನ ಕೈ ಇನ್ನೊಬ್ಬನ ಕಣ್ಣಿಗೆ ಕಾಣುವುದಿಲ್ಲ. ದಪ್ಪ ಚರ್ಮದ ಕೈಚೀಲ ಮತ್ತು ಕಣ್ಣಿಗೆ ಕನ್ನಡಕ ಬೇಕು. ರಿವೆಟ್ಟಿನ ಚೂರು ಹಾರುವುದು ಕಣ್ಣಿನ ಎತ್ತರಕ್ಕೇ.

ಪಟ್ಟಿಯನ್ನು ಯಂತ್ರದಿಂದ ಹೊರಕ್ಕೆ ಎಳೆದ ಮೇಲೆ ಅದು ನಾಲ್ಕಡಿ ಉದ್ದದ ಗರಗಸವೆಂದೇ ತಿಳಿಯಿರಿ. ಹೆಗಲ ಮೇಲೆ ಹೊತ್ತುಕೊಂಡು ಶೆಡ್ಡಿಗೆ ನಡೆಯುವುದನ್ನು ಕಂಡಿದ್ದೇವೆ. ನಮ್ಮಲ್ಲಿ ಅಡಿಕೆ ಹಾಳೆಗೇನು ಬರವೆ? ಎರಡು ಹಾಳೆಗಳನ್ನು ನೆನೆಸಿ ಅಲಗಿನ ಸಾಲಿನ ಮೇಲೆ ಮಡಚಿ ಹಗ್ಗದಿಂದ ಸುತ್ತಿದರೆ ಒಣಗಿದ ಮೇಲೆ ಒರೆಯಂತೆ ನಿಲ್ಲುತ್ತದೆ. ಮಳೆಗಾಲಕ್ಕೆ ಯಂತ್ರ ಎತ್ತಿಡುವಾಗ ಮಾತ್ರ ಈ ಒರೆ ತೆಗೆದು ಎಣ್ಣೆ ಸವರಿ ಇಡಬೇಕು, ಇಲ್ಲವಾದರೆ ಹಾಳೆ ಹಿಡಿದ ತೇವಕ್ಕೆ ಪಟ್ಟಿ ತುಕ್ಕು ಹಿಡಿಯುತ್ತದೆ.

ಹಳೆಯ ಅಲಗನ್ನು ತೆಗೆಯುವ ಮುನ್ನ ರಿವೆಟ್ಟಿನ ಅಚ್ಚಿನ ತಲೆ ಯಾವ ಬದಿಗಿದೆ, ಬಡಿದ ತಲೆ ಯಾವ ಬದಿಗಿದೆ ಎಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಹೊಸದನ್ನೂ ಹಾಗೆಯೇ ಹಾಕತಕ್ಕದ್ದು. ತಿರುವುಮುರುವಾದರೆ ತಲೆ ಮೇಲಕ್ಕೆ ಉಬ್ಬಿ ಪಟ್ಟಿಯನ್ನು ಅದುಮಿ ಹಿಡಿಯುವ ಕ್ಲಿಪ್ಪಿಗೆ ತಾಗಬಹುದು.

ತೆಗೆಯುವುದಕ್ಕೆ ನಮ್ಮಲ್ಲಿ ಅನೇಕರು ಉಳಿಯನ್ನು ಅಲಗಿಗೂ ಪಟ್ಟಿಗೂ ನಡುವೆ ತುರುಕಿ ಮೀಟುತ್ತಾರೆ. ಇದರಿಂದ ರಿವೆಟ್ ಓರೆಯಾಗಿ ಎಳೆದು ಪಟ್ಟಿಯ ರಂಧ್ರ ಹಿಗ್ಗುತ್ತದೆ. ಅಲಗು ಅಗ್ಗದ್ದು, ಪಟ್ಟಿ ಅಗ್ಗದ್ದಲ್ಲ. ಸರಿಯಾದ ವಿಧಾನ ಸುಲಭವೂ ಹೌದು. ವೈಸಿನ ದವಡೆಗಳನ್ನು ಒಂದು ಅಲಗು ಸಡಿಲವಾಗಿ ಇಳಿಯುವಷ್ಟು ತೆರೆಯಿರಿ. ಅಲಗಿನ ಮೊನೆ ಕೆಳಮುಖವಾಗಿ ದವಡೆಗಳ ನಡುವೆ ಇಳಿಯಲಿ, ಪಟ್ಟಿ ದವಡೆಯ ಮೇಲೆ ಕೂತಿರಲಿ. ಈಗ ಪಟ್ಟಿಯಿಂದ ತುಸು ಮೇಲೆದ್ದಿರುವ ಅಲಗಿನ ಹಿಂಬದಿಯ ಅಂಚಿಗೆ ಸುತ್ತಿಗೆಯಿಂದ ಒಂದೆರಡು ಖಚಿತವಾದ ಪೆಟ್ಟು ಕೊಟ್ಟರೆ ಎರಡು ರಿವೆಟ್ಟೂ ಕತ್ತರಿಸಿ ಅಲಗು ಕೆಳಗೆ ಬೀಳುತ್ತದೆ. ಹಿಂಬದಿಯ ಭಾಗಕ್ಕೆ ಹದ ಕೊಟ್ಟಿರುವುದಿಲ್ಲವಾದ್ದರಿಂದ ಪೆಟ್ಟು ತಡೆಯುತ್ತದೆ. ಹದ ಕೊಟ್ಟ ಬಾಯಿಯ ಅಂಚಿಗೆ ಎಂದೂ ಸುತ್ತಿಗೆ ಮುಟ್ಟಿಸಬಾರದು, ಗಾಜಿನಂತೆ ಸಿಡಿಯುತ್ತದೆ. ಪಟ್ಟಿಯಲ್ಲಿ ಉಳಿದ ತುಂಡುಗಳನ್ನು ಪಂಚಿನಿಂದ ಹೊರಕ್ಕೆ ತಳ್ಳಬೇಕು. ಅಲಗಿನ ಅಂಚು ಪಟ್ಟಿಗೆ ಸಮನಾಗಿದ್ದು ಸುತ್ತಿಗೆಗೆ ಸಿಗದಿದ್ದರೆ ರಿವೆಟ್ಟಿನ ತಲೆಯನ್ನು ಸಾಣೆ ಹಿಡಿದು ತೆಗೆದು ಆಮೇಲೆ ಪಂಚಿನಿಂದ ತಳ್ಳಬೇಕಾಗುತ್ತದೆ.

ಪಟ್ಟಿಯ ಮೇಲಿನ ತುಕ್ಕು, ಹುಲ್ಲಿನ ರಸ ಗಟ್ಟಿಯಾದ ಕೊಳೆ, ರಂಧ್ರದ ಅಂಚಿನ ಮುಳ್ಳು ಇವನ್ನೆಲ್ಲ ಅರದಿಂದ ಉಜ್ಜಿ ತೆಗೆಯಿರಿ. ಕೊಳೆಯ ಮೇಲೆ ಕೂರಿಸಿದ ಅಲಗು ಮೊದಲ ದಿನ ಬಿಗಿಯಾಗಿಯೇ ಇರುತ್ತದೆ. ಕೊಳೆ ಪುಡಿಯಾಗಿ ಉದುರಿದ ಮೇಲೆ ಸಡಿಲವಾಗುತ್ತದೆ. ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಿ, ಬಾಗಿದ್ದರೆ ಈಗಲೇ ನೇರ ಮಾಡಿಕೊಳ್ಳಿ.

ಹೊಸ ರಿವೆಟ್ಟಿನ ದಪ್ಪ ರಂಧ್ರಕ್ಕೆ ಸರಿಯಾಗಿ ಹೊಗುವಂತಿರಬೇಕು. ಗುಂಡು ತಲೆ ಮಾಡುವುದಾದರೆ ಅಲಗಿನ ಮೇಲೆ ಉಳಿಯುವ ಬಾಲ ರಿವೆಟ್ಟಿನ ದಪ್ಪದ ಸುಮಾರು ಒಂದೂವರೆ ಪಾಲು ಇರಲಿ. ಉದ್ದ ಹೆಚ್ಚಾದರೆ ಬಾಗಿ ಮಲಗುತ್ತದೆ, ಕಡಿಮೆಯಾದರೆ ತಲೆ ಕಟ್ಟುವುದಿಲ್ಲ. ಅಚ್ಚಿನ ತಲೆಯನ್ನು ಕಮ್ಮಾರನ ಅಡೆಗಲ್ಲಿನ ಮೇಲೋ ದಪ್ಪ ಉಕ್ಕಿನ ಗಟ್ಟಿಯ ಮೇಲೋ ಊರಬೇಕು. ಮರದ ದಿಮ್ಮಿ ಆಗದು, ಪೆಟ್ಟನ್ನೆಲ್ಲ ಅದೇ ನುಂಗುತ್ತದೆ. ತಲೆ ಬಡಿಯುವ ಮುಂಚೆ, ರಿವೆಟ್ಟಿನ ಬಾಲ ಒಳಗೆ ಹೋಗುವಂಥ ಒಂದು ತುಂಡು ಕೊಳವೆಯನ್ನು ಅದರ ಸುತ್ತ ಇಟ್ಟು ಒಂದು ಪೆಟ್ಟು ಕೊಟ್ಟು ಅಲಗನ್ನು ಪಟ್ಟಿಗೆ ಅಮುಕಿಕೊಳ್ಳಬೇಕು. ಬಹುಮಂದಿ ಬಿಡುವುದು ಈ ಒಂದು ಹೆಜ್ಜೆಯನ್ನೇ. ಅಲಗಿಗೂ ಪಟ್ಟಿಗೂ ನಡುವೆ ಸಂದಿ ಉಳಿದಿದ್ದರೆ ರಿವೆಟ್ ಆ ಸಂದಿಯಲ್ಲೇ ಉಬ್ಬಿ ಕುಳಿತು, ಆಮೇಲೆ ಎಷ್ಟು ಬಡಿದರೂ ಎರಡನ್ನೂ ಕೂಡಲು ಬಿಡುವುದಿಲ್ಲ. ಅಮುಕಿದ ಮೇಲೆ ತೂಕದ ಸುತ್ತಿಗೆಯಿಂದ ಕೆಲವೇ ಪೆಟ್ಟು, ನೇರವಾಗಿ. ಸಣ್ಣ ಸುತ್ತಿಗೆಯಿಂದ ಟಕಟಕನೆ ನೂರು ಪೆಟ್ಟು ಹೊಡೆದರೆ ತಲೆ ಗಡುಸಾಗಿ ಬಿರಿಯುತ್ತದೆ, ಒಡಲು ಉಬ್ಬುವುದೇ ಇಲ್ಲ. ಎರಡೂ ರಿವೆಟ್ಟುಗಳನ್ನು ಮೊದಲು ಅರ್ಧರ್ಧ ಕೂರಿಸಿ, ಅಲಗು ಪಕ್ಕದವಕ್ಕೆ ನೇರವಾಗಿದೆಯೆಂದು ನೋಡಿ, ಆಮೇಲೆ ಪೂರ್ತಿ ಮಾಡುವುದು ಲೇಸು.

ಬೋಲ್ಟಿಗೆಂದೇ ಮಾಡಿದ ಪಟ್ಟಿಗಳೂ ಈಗ ಬರುತ್ತಿವೆ. ಅವುಗಳಿಗೆ ಯಂತ್ರದ ಕಂಪನಿಯವರು ಕೊಡುವ ಬೋಲ್ಟನ್ನೇ ಹಾಕಬೇಕು. ಅದರ ಕುತ್ತಿಗೆ ರಂಧ್ರಕ್ಕೆ ಹೊಂದುವಂತೆ, ಉಕ್ಕು ಗಟ್ಟಿಯಾಗಿರುವಂತೆ ಮಾಡಿರುತ್ತಾರೆ. ಅನಿವಾರ್ಯವಾಗಿ ಹೊರಗೆ ಕೊಳ್ಳುವುದಾದರೆ ರಂಧ್ರಕ್ಕೆ ಸರಿಹೊಂದುವ ದಪ್ಪದ್ದನ್ನು ಆರಿಸಿ, ತಲೆಯ ಮೇಲೆ 8.8 ಎಂಬ ಅಂಕಿ ಇದೆಯೇ ನೋಡಿ. ಅಂಕಿಯಿಲ್ಲದ ಬೋಲ್ಟ್ ಬಾಗಿಲ ಚಿಲಕಕ್ಕೆ ಸಾಕು, ಇದಕ್ಕಲ್ಲ. ನೈಲಾನ್ ಉಂಗುರವಿರುವ ಲಾಕ್ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಬಾರದು. ಎರಡು ರೂಪಾಯಿಯ ನಟ್ಟಿಗೆ ಜಿಪುಣತನ ಬೇಡ. ಬಿಗಿದ ಮೇಲೆ ನಟ್ಟಿನಾಚೆಗೆ ಉಳಿದ ಮರೆ ಕ್ಲಿಪ್ಪಿಗಾಗಲಿ ಬೆರಳಿಗಾಗಲಿ ತಾಗದೆಂದು ಪಟ್ಟಿಯನ್ನು ಪೂರ್ತಿ ಒಂದು ಸಲ ಆಚೀಚೆ ಜರುಗಿಸಿ ಖಾತ್ರಿ ಮಾಡಿಕೊಳ್ಳಬೇಕು. ರಿವೆಟ್ಟಿನ ಪಟ್ಟಿಗೆ ಬೋಲ್ಟ್ ಹಾಕಿದಾಗ ಸಾಮಾನ್ಯವಾಗಿ ತೊಂದರೆ ಕೊಡುವುದು ಇದೇ.

ನಮ್ಮ ಅಭಿಪ್ರಾಯ ಕೇಳಿದರೆ, ರಿವೆಟ್ಟಿನ ಪಟ್ಟಿಗೆ ರಿವೆಟ್ಟೇ ಸರಿ. ಹೊಲದ ನಡುವೆ ಕೆಲಸ ನಿಲ್ಲಬಾರದೆಂದು ಗಟ್ಟಿ ಬೋಲ್ಟ್ ಹಾಕಿ ಆ ದಿನ ಮುಗಿಸಿಕೊಂಡರೆ ತಪ್ಪೇನಿಲ್ಲ. ಸಂಜೆ ಅದನ್ನು ಬಿಚ್ಚಿ ರಿವೆಟ್ ಹೊಡೆದರಾಯಿತು. ಒಂದೇ ಅಲಗಿಗೆ ಒಂದು ಕಡೆ ರಿವೆಟ್, ಒಂದು ಕಡೆ ಬೋಲ್ಟ್ ಹಾಕುವುದು ಮಾತ್ರ ಬೇಡ. ಇನ್ನು ಕೆಲವರು ವೆಲ್ಡಿಂಗ್ ಅಂಗಡಿಗೆ ಒಯ್ದು ಅಲಗನ್ನು ಪಟ್ಟಿಗೆ ಬೆಸೆಸಿಕೊಂಡು ಬರುತ್ತಾರೆ. ಆ ಕಾವಿಗೆ ಅಲಗಿನ ಹದ ಇಳಿಯುತ್ತದೆ, ಪಟ್ಟಿ ಸೊಟ್ಟಗಾಗುತ್ತದೆ, ಮುಂದಿನ ಸಲ ಅಲಗು ಮುರಿದಾಗ ತೆಗೆಯುವುದಕ್ಕೂ ಬರುವುದಿಲ್ಲ. ಅದನ್ನು ದುರಸ್ತಿ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಪಟ್ಟಿಯನ್ನು ಮತ್ತೆ ಯಂತ್ರಕ್ಕೆ ಸೇರಿಸಿದ ಮೇಲೆ ಪುಲ್ಲಿಯನ್ನು ಒಬ್ಬರೇ ನಿಧಾನವಾಗಿ ತಿರುಗಿಸಿ ನೋಡಿ. ಸಾಮಾನ್ಯ ಯಂತ್ರಗಳಲ್ಲಿ ಪಟ್ಟಿ ಎಡದ ತುದಿಗೆ ಬಂದು ನಿಂತಾಗ ಅಲಗಿನ ಮೊನೆ ಬೆರಳಿನ ನಡುಮಧ್ಯಕ್ಕೆ ಬರಬೇಕು, ಬಲದ ತುದಿಗೆ ಹೋದಾಗಲೂ ಹಾಗೆಯೇ. ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ತಪ್ಪಿದರೆ ಪಟ್ಟಿಯನ್ನು ಎಳೆಯುವ ತೋಳಿನ ಉದ್ದ ಸರಿಪಡಿಸಬೇಕು. ಅಲಗಿನ ಮೊನೆ ಅಡಿತಟ್ಟೆಗೆ ತಾಗಿಕೊಂಡೇ ಜಾರಬೇಕು. ಎದ್ದು ನಿಂತಿದ್ದರೆ ಹುಲ್ಲು ಕತ್ತರಿಸದೆ ಮಡಚಿ ಒಳಗೆ ಸೇರುತ್ತದೆ; ಆಗ ಕ್ಲಿಪ್ಪನ್ನು ಹಗುರವಾಗಿ ತಟ್ಟಿ ಇಳಿಸಬೇಕು. ಉದ್ದನೆಯ ಹಸಿ ಹುಲ್ಲಿನ ಎಸಳನ್ನು ಒಂದೊಂದು ಬೆರಳಿನ ಸಂದಿಗೂ ಕೊಟ್ಟು ತಿರುಗಿಸಿದರೆ ಎಲ್ಲಿ ಕತ್ತರಿಸುತ್ತದೆ, ಎಲ್ಲಿ ಜಗಿಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಎಸಳು ಒಂದು ಮೊಳವಾದರೂ ಉದ್ದವಿರಲಿ. ನಂತರ ನಿಧಾನ ವೇಗದಲ್ಲಿ ಐದು ನಿಮಿಷ ಖಾಲಿ ಓಡಿಸಿ, ನಿಲ್ಲಿಸಿ, ಬೋಲ್ಟ್ ಇದ್ದರೆ ಇನ್ನೊಮ್ಮೆ ಬಿಗಿಯಿರಿ.

ಅಲಗುಗಳಲ್ಲಿ ಎರಡು ಜಾತಿ. ನುಣುಪು ಬಾಯಿಯದು ಹಸಿ ಹುಲ್ಲಿಗೆ. ಅದನ್ನು ಮೊದಲಿನ ಓರೆ ಕೆಡದಂತೆ ಸಾಣೆ ಹಿಡಿಯಬಹುದು. ಹಲ್ಲಿನ ಬಾಯಿಯದು ಒಣಗಿದ ರಾಗಿ, ಬತ್ತದ ಕಡ್ಡಿಗೆ. ಅದಕ್ಕೆ ಸಾಣೆ ಬೇಡ, ಹಲ್ಲು ಸವೆದರೆ ಬದಲಿಸುವುದೇ. ಬಲಿತು ಕಬ್ಬಿನಂತಾದ ನೇಪಿಯರ್ ಹುಲ್ಲಿಗೆ ಈ ಸಣ್ಣ ಯಂತ್ರಗಳನ್ನು ನುಗ್ಗಿಸುವುದು ಯಾವ ಅಲಗಿಗೂ ಒಳ್ಳೆಯದಲ್ಲ, ಎಳೆಯದಿರುವಾಗಲೇ ಕೊಯ್ದುಕೊಳ್ಳಬೇಕು. ತೋಟದೊಳಗೆ ನಡೆಸುವವರು ಬಿದ್ದ ಸೋಗೆಯ ಬುಡ, ತಂತಿ ಮತ್ತು ಹನಿ ನೀರಾವರಿಯ ಕೊಳವೆಗಳನ್ನು ಮೊದಲು ಎತ್ತಿಡಿ. ಕೊಳವೆ ಸಿಕ್ಕರೆ ಅಲಗಿಗೇನೂ ಆಗುವುದಿಲ್ಲ, ಕೊಳವೆಯ ಗತಿ ಹೇಳಬೇಕಾಗಿಲ್ಲ. ಮುರಿಯುವುದು ನಮ್ಮ ಕೆಂಪು ನೆಲದ ಬೆಣಚುಕಲ್ಲಿಗೆ.

ಪ್ರತಿ ದಿನ ಕೆಲಸ ಮುಗಿದ ಮೇಲೆ, ಎಂಜಿನ್ ನಿಲ್ಲಿಸಿ ಪ್ಲಗ್ಗಿನ ತಂತಿ ಕಿತ್ತು ಅಥವಾ ಬೆಲ್ಟ್ ಸಡಿಲಿಸಿದ ನಂತರ, ರಿವೆಟ್ಟುಗಳ ಸುತ್ತ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ತಲೆಯ ಅಂಚಿನಲ್ಲಿ ನುಣ್ಣನೆಯ ಕೆಂಪು ಪುಡಿ ಕಂಡರೆ ಆ ಅಲಗು ಒಳಗೇ ಅಲುಗಾಡುತ್ತಿದೆಯೆಂದು ಅರ್ಥ. ಕೈಗೆ ಸಡಿಲವಾಗಿ ತೋರದಿದ್ದರೂ ನಂಬಬೇಡಿ, ಪುಡಿಯನ್ನು ನಂಬಿ. ಬಾಡಿಗೆ ಯಂತ್ರ ತರಿಸುವವರೂ ಹೊಲಕ್ಕೆ ಇಳಿಸುವ ಮೊದಲು ಇದೊಂದನ್ನು ನೋಡಿಕೊಂಡರೆ ಮಧ್ಯಾಹ್ನದ ಜಗಳ ತಪ್ಪುತ್ತದೆ.

ಕಾಫಿ ತೋಟದಲ್ಲಿ ಹೆಗಲಿಗೆ ಹಾಕುವ ಕಳೆ ಕತ್ತರಿಸುವ ಯಂತ್ರ ಬಳಸುವ ಸದಸ್ಯರಿಗೆ ಒಂದೇ ಮಾತು. ಅದರ ಚಕ್ರದ ಅಲಗನ್ನು ಹಿಡಿಯುವ ನಟ್ಟಿನ ಮರೆ ಹೆಚ್ಚಿನ ಯಂತ್ರಗಳಲ್ಲಿ ಎಡಗೈ ಮರೆ. ಎಲ್ಲ ನಟ್ಟುಗಳಂತೆ ತಿರುಗಿಸಿ ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯುತ್ತದೆ; ಬಿಗಿದೆನೆಂದು ತಿಳಿದು ಸಡಿಲಿಸಿ ಬಿಟ್ಟವರೂ ಇದ್ದಾರೆ. ಅದರ ವಿವರವನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಂಡಿದ್ದೇವೆ.

ಸಂಘದ ದಾಸ್ತಾನಿನಲ್ಲಿ 3 ಅಂಗುಲ ಅಗಲದ ನುಣುಪು ಮತ್ತು ಹಲ್ಲಿನ ಅಲಗುಗಳೂ ರಿವೆಟ್ಟುಗಳೂ ಇವೆ. ಸಣ್ಣ ಯಂತ್ರಗಳಲ್ಲಿ ಬೇರೆ ಅಳತೆಯ ಅಲಗುಗಳೂ ಉಂಟು, ರಂಧ್ರಗಳ ಅಂತರವೂ ಬೇರೆ. ಆದುದರಿಂದ ಬರುವಾಗ ಮುರಿದ ಹಳೆಯ ಅಲಗನ್ನೂ ಒಂದು ಹಳೆಯ ರಿವೆಟ್ಟನ್ನೂ ಕಾಗದದಲ್ಲಿ ಸುತ್ತಿ ತರಬೇಕಾಗಿ ಕೋರುತ್ತೇವೆ. ರಿವೆಟ್ ಹೊಡೆಯಲು ಕೊಳವೆ, ಪಂಚು ಮತ್ತು ಉಕ್ಕಿನ ಗಟ್ಟಿ ಇರುವ ಪೆಟ್ಟಿಗೆಯೊಂದನ್ನು ಕಚೇರಿಯಲ್ಲಿ ಇರಿಸಿದ್ದೇವೆ. ರುಜು ಹಾಕಿ ಒಯ್ಯಬಹುದು, ಮೂರು ದಿನದೊಳಗೆ ಹಿಂದಿರುಗಿಸಬೇಕು. ಕಳೆದ ಸುಗ್ಗಿಯಲ್ಲಿ ಒಯ್ದ ಕಣ್ಣಿನ ಕನ್ನಡಕ ಇನ್ನೂ ಬಂದಿಲ್ಲ. ಒಯ್ದ ಸದಸ್ಯರು ದಯವಿಟ್ಟು ತಂದುಕೊಡಬೇಕು.